ಬೆಚ್ಚಗಾಗದ ಎಂಜಿನ್ ಹೆಚ್ಚು ಕುಡಿಯುತ್ತದೆ

ತಿಪಟೂರಿಗೆ ಕೊಬ್ಬರಿ ಚೀಲ, ಹಾಸನಕ್ಕೆ ತರಕಾರಿ, ಶ್ರವಣಬೆಳಗೊಳದ ಅಂಗಡಿಗಳಿಗೆ ದಿನಸಿ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಇಷ್ಟನ್ನೂ ಇವತ್ತಿಗೂ ಹೊರುತ್ತಿರುವ ಹಳೆಯ ಗಾಡಿಗಳಲ್ಲಿ ಮಾರುತಿ ಓಮ್ನಿಯದು ದೊಡ್ಡ ಪಾಲು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 2019ರಲ್ಲಿ ತಯಾರಿಕೆ ನಿಂತ ಗಾಡಿ ಅದು. ಹಿಂದಿನ ಸೀಟು ಬಿಚ್ಚಿದರೆ ಪುಟ್ಟ ಪಿಕಪ್. ಮೂರು ಸಿಲಿಂಡರ್, 796 ಸಿಸಿ. ಮಾಲಿನ್ಯದ ನಿಯಮ ಬಿಗಿಯಾದ ಮೇಲೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಇಂಜೆಕ್ಟರ್ ಬಂದು ಇಷ್ಟು ವರ್ಷವಾದರೂ ನಮ್ಮಲ್ಲಿ ರೋಗ ಹುಡುಕುವ ಕ್ರಮ ಮಾತ್ರ ಇನ್ನೂ ಕಾರ್ಬುರೇಟರ್ ಕಾಲದ್ದೇ. ಈ ವಾರದ ಮಾತು ಅದರ ಬಗ್ಗೆ.

ದೂರು ಎಲ್ಲರಿಗೂ ಗೊತ್ತಿರುವಂಥದ್ದು. ಲೀಟರಿಗೆ ಹದಿನಾಲ್ಕು ಕೊಡುತ್ತಿದ್ದ ಗಾಡಿ ಹತ್ತಕ್ಕೆ ಇಳಿದಿದೆ. ಸೈಲೆನ್ಸರ್ ಬಾಯಿಗೆ ಕೈ ಇಟ್ಟರೆ ಮಸಿ. ಆಯಿಲ್ ಡಿಪ್‌ಸ್ಟಿಕ್ ಮೂಸಿದರೂ ಪೆಟ್ರೋಲ್ ವಾಸನೆ. ಮಿಕ್ಸ್‌ಚರ್ ರಿಚ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ ಎನ್ನಲು ಇಷ್ಟು ಸಾಕು. ಏಕೆ ರಿಚ್ ಆಯಿತು ಎಂದು ಹುಡುಕುವುದೇ ನಿಜವಾದ ಕೆಲಸ. ಅಲ್ಲಿ ಅವಸರ ಮಾಡಿದವರು ಮೊದಲು ಇಂಜೆಕ್ಟರ್ ತೊಳೆಸುತ್ತಾರೆ, ಆಮೇಲೆ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ, ಕೊನೆಗೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೋಗಿದೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಗಾಡಿಯವನ ಒಂದು ತಿಂಗಳ ಬಾಡಿಗೆ ಅಲ್ಲಿಗೆ ಮುಗಿಯಿತು.

ಇಸಿಯು ಮಾಡುವ ಕೆಲಸ ಇಷ್ಟೇ: ಪ್ರತಿ ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡ್ ತೆರೆದಿಡಬೇಕು ಎಂದು ಲೆಕ್ಕ ಹಾಕುವುದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಒತ್ತಡ ಅಳೆದು ಹೇಳುವುದು ಮ್ಯಾಪ್ ಸೆನ್ಸರ್. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವುದು ಕೂಲಂಟ್ ಸೆನ್ಸರ್. ಉರಿದ ಮೇಲೆ ಉಳಿದದ್ದೇನು ಎಂಬ ವರದಿ ಕೊಡುವುದು ಆಕ್ಸಿಜನ್ ಸೆನ್ಸರ್. ಗಾಡಿ ರಿಚ್ ಓಡುತ್ತಿದೆ ಎಂದರೆ ಈ ಮೂವರಲ್ಲಿ ಒಬ್ಬರು ಹೆಚ್ಚು ಪೆಟ್ರೋಲ್ ಕೇಳುತ್ತಿದ್ದಾರೆ, ಇಲ್ಲವೇ ಇಸಿಯು ಕೇಳದೆಯೇ ಪೆಟ್ರೋಲ್ ಒಳಗೆ ಸೋರುತ್ತಿದೆ.

ನುಗ್ಗೇಹಳ್ಳಿ ಕಡೆಯ ಓಮ್ನಿಯೊಂದು ಬಂದಿತ್ತು. ಕಾಯಿ ಹೊಡೆಯುವ ಗಾಡಿ. ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿಯಾಗಿತ್ತು, ಕುಡಿತ ನಿಂತಿರಲಿಲ್ಲ. ಮುಂದಿನ ಸೀಟು ಎತ್ತಿ ಮೂರೂ ಪ್ಲಗ್ ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟೆವು. ಮೂರೂ ಒಂದೇ ಸಮ ಕಪ್ಪು, ಒರೆಸಿದರೆ ಬೆರಳಿಗೆ ಬರುವ ಒಣ ಮಸಿ. ಇದು ಮೊದಲ ಸಾಕ್ಷಿ. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಅಥವಾ ಇಗ್ನಿಷನ್ ಮೇಲೆ ಅನುಮಾನ. ಮೂರೂ ಒಂದೇ ಬಣ್ಣಕ್ಕೆ ತಿರುಗಿದ್ದರೆ ಕಾರಣವೂ ಮೂರಕ್ಕೂ ಸೇರಿದ್ದೇ ಆಗಿರಬೇಕು. ಇಂಜೆಕ್ಟರ್ ತೊಳೆಸುವ ಖರ್ಚು ಅಲ್ಲೇ ಉಳಿಯಿತು.

ಮುಂದಿನದಕ್ಕೆ ಮಲ್ಟಿಮೀಟರ್ ಒಂದೇ ಸಾಕು. ಕೂಲಂಟ್ ಸೆನ್ಸರ್ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಈ ಬಗೆಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್, 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸು ತೋರಿಸುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಓದು ಸರಿಯಾಗಿಯೇ ಇತ್ತು. ಗಾಡಿಯನ್ನು ಹೆದ್ದಾರಿಯಲ್ಲಿ ಹಿರೀಸಾವೆ ತನಕ ಓಡಿಸಿ ತಂದು, ಕನೆಕ್ಟರ್ ಕಳಚಿ ಮತ್ತೆ ನೋಡಿದರೆ 800 ಓಮ್. ಅಂದರೆ ಸುಮಾರು 50 ಡಿಗ್ರಿ. ಸೆನ್ಸರ್ ಕೆಟ್ಟಿರಬಹುದೇ ಎಂದು ಬಿಚ್ಚಿ, ಕುದಿಸಿದ ನೀರಿನ ಲೋಟದಲ್ಲಿ ಥರ್ಮಾಮೀಟರ್ ಜೊತೆ ಅದ್ದಿದೆವು. ನೀರು ಆರುತ್ತಾ ಬಂದಂತೆ ಅದು ಕೊಟ್ಟ ಓದು ಒಂದೂ ತಪ್ಪಿರಲಿಲ್ಲ. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಅಷ್ಟು ದೂರ ಓಡಿ ಬಂದರೂ ಎಂಜಿನ್ ಬಿಸಿಯಾಗಿರಲಿಲ್ಲ.

ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಥರ್ಮೋಸ್ಟಾಟ್ ವಾಲ್ವ್. ಅದರ ಹೌಸಿಂಗ್ ತೆಗೆದು ನೋಡಿದರೆ ವಾಲ್ವ್ ಇರಲೇ ಇಲ್ಲ. ಯಾವುದೋ ಬೇಸಿಗೆಯಲ್ಲಿ ಗಾಡಿ ಹೀಟ್ ಆಗುತ್ತಿದೆ ಎಂದು ಯಾರೋ ಕಿತ್ತೆಸೆದಿದ್ದರು. ನಮ್ಮ ಕಡೆ ಇದು ಎಷ್ಟು ರೂಢಿಯಾಗಿದೆ ಎಂದರೆ ಅದನ್ನು ತಪ್ಪು ಎಂದು ಯಾರೂ ಎಣಿಸುವುದೇ ಇಲ್ಲ. ಕಾರ್ಬುರೇಟರ್ ಗಾಡಿಗೆ ಅದರಿಂದ ಆಗುತ್ತಿದ್ದ ನಷ್ಟ ಕಣ್ಣಿಗೆ ಬೀಳುತ್ತಿರಲಿಲ್ಲ. ಇಂಜೆಕ್ಟರ್ ಗಾಡಿಯ ಲೆಕ್ಕವೇ ಬೇರೆ. ವಾಲ್ವ್ ಇಲ್ಲದಿದ್ದರೆ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರ್ ಸುತ್ತುತ್ತದೆ, ಎಂಜಿನ್ ಅರೆಬೆಚ್ಚಗೆ ಉಳಿಯುತ್ತದೆ. ಇಸಿಯು ಇದನ್ನು ಈಗಷ್ಟೇ ಸ್ಟಾರ್ಟ್ ಆದ ಗಾಡಿ ಎಂದೇ ತಿಳಿದು ಚೋಕ್ ಎಳೆದಂತೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಆಕ್ಸಿಜನ್ ಸೆನ್ಸರಿನ ಮಾತನ್ನು ಅದು ಪೂರ್ತಿ ಕಿವಿಗೆ ಹಾಕಿಕೊಳ್ಳುವುದಿಲ್ಲ. 50 ಡಿಗ್ರಿ ಎಂಬುದು ಅಸಾಧ್ಯವಾದ ಅಂಕಿಯಲ್ಲದ ಕಾರಣ ಎಂಜಿನ್ ದೀಪವೂ ಹೊತ್ತುವುದಿಲ್ಲ. ಕೆಲವೇ ನೂರು ರೂಪಾಯಿಯ ಹೊಸ ವಾಲ್ವ್ ಹಾಕಿ, ರೇಡಿಯೇಟರ್ ತೊಳೆದು, ನೀರಿನ ಬದಲು ಕೂಲಂಟ್ ತುಂಬಿಸಿ ಕಳಿಸಿದೆವು. ಹೀಟ್ ಆಗುತ್ತಿದ್ದ ಮೂಲ ಕಾರಣವೂ ಆ ತುಕ್ಕು ಹಿಡಿದ ರೇಡಿಯೇಟರಿನಲ್ಲೇ ಇತ್ತು.

ಎಲ್ಲ ಗಾಡಿಯಲ್ಲೂ ಕಳ್ಳ ಅಲ್ಲೇ ಸಿಗುತ್ತಾನೆ ಎಂದು ಹೇಳಲಾಗದು. ಎಂಜಿನ್ ಸರಿಯಾಗಿ ಬಿಸಿಯಾಗುತ್ತಿದ್ದರೆ ಮ್ಯಾಪ್ ಸೆನ್ಸರಿಗೆ ಹೋಗುವ ರಬ್ಬರ್ ಪೈಪ್ ನೋಡಿ. ಅದು ಸೀಳಿದ್ದರೆ ಅಥವಾ ಕಳಚಿದ್ದರೆ ಸೆನ್ಸರಿಗೆ ಸಿಗುವುದು ಹೊರಗಿನ ಗಾಳಿಯ ಒತ್ತಡ. ಎಂಜಿನ್ ಪೂರ್ತಿ ಲೋಡಿನಲ್ಲಿದೆ ಎಂದು ನಂಬಿ ಇಸಿಯು ಸುರಿದುಬಿಡುತ್ತದೆ. ಸ್ಕ್ಯಾನರ್ ಹಿಡಿಯುವ ಗಾಡಿಯಾದರೆ ಇನ್ನೊಂದು ಸೊಗಸಾದ ಪರೀಕ್ಷೆ ಇದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಓದು ನೋಡಿ. ಚನ್ನರಾಯಪಟ್ಟಣ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 92 ಕಿಲೋಪಾಸ್ಕಲ್ ಸುಮಾರು. ಸೆನ್ಸರ್ ಮಂಗಳೂರಿನ 101 ತೋರಿಸಿದರೆ ಅದು ಇಲ್ಲದ ಗಾಳಿಯ ಲೆಕ್ಕ ಕೊಡುತ್ತಿದೆ ಎಂದರ್ಥ.

ರಿಟರ್ನ್ ಲೈನ್ ಇರುವ ಹಳೆಯ ಗಾಡಿಗಳಲ್ಲಿ ಪ್ರೆಷರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದು ನೋಡಿ. ಒಳಗೆ ಪೆಟ್ರೋಲ್ ಪಸೆ ಇದ್ದರೆ ಡಯಾಫ್ರಂ ಹರಿದಿದೆ. ಏರ್ ಫಿಲ್ಟರ್ ಕಟ್ಟಿದ್ದಕ್ಕೆ ರಿಚ್ ಆಗಿದೆ ಎಂಬುದು ಕಾರ್ಬುರೇಟರ್ ಕಾಲದ ಮಾತು. ಮ್ಯಾಪ್ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಗಾಳಿ ಕಡಿಮೆಯಾದರೆ ಪೆಟ್ರೋಲೂ ಕಡಿಮೆಯಾಗುತ್ತದೆ, ಎಳೆತ ಮಾತ್ರ ಇಳಿಯುತ್ತದೆ. ಎಥನಾಲನ್ನು ದೂರುವವರೂ ಈಗ ಹೆಚ್ಚು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಿಂದ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಆದರೆ ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಕ್ಸ್‌ಚರ್ ಲೀನ್ ಕಡೆಗೆ, ಅಂದರೆ ಪೆಟ್ರೋಲ್ ಪಾಲು ಕಡಿಮೆಯಾಗುವ ಕಡೆಗೆ ಹೋಗುತ್ತದೆ. ಪ್ಲಗ್ಗಿಗೆ ಮಸಿ ಹಿಡಿಸುವ ಕೆಲಸ ಅದರದ್ದಲ್ಲ.

ಆಕ್ಸಿಜನ್ ಸೆನ್ಸರ್ ಬದಲಿಸುವ ಮುನ್ನ ಒಮ್ಮೆ ಅದರ ವಿಚಾರಣೆಯನ್ನಾದರೂ ಮಾಡಿ. ಬಿಸಿಯಾದ ಎಂಜಿನ್ನಿನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಏರಿಳಿಯುತ್ತಿರಬೇಕು. ರಿಚ್ ಎನ್ನುತ್ತಾ 0.9ರ ಬಳಿ ನಿಂತಿದ್ದರೆ, ಮ್ಯಾಪ್ ಸೆನ್ಸರಿನದನ್ನು ಬಿಟ್ಟು ಬೇರೊಂದು ವ್ಯಾಕ್ಯೂಮ್ ಪೈಪ್ ಕಳಚಿ ಗಾಳಿ ಬಿಡಿ. ತಟ್ಟನೆ ಇಳಿದರೆ ಸೆನ್ಸರ್ ಆರೋಗ್ಯವಾಗಿದೆ, ಅದು ಹೇಳುತ್ತಿರುವ ರಿಚ್ ನಿಜ. ಥರ್ಮಾಮೀಟರ್ ಬದಲಿಸಿದರೆ ಜ್ವರ ಬಿಡುವುದಿಲ್ಲ. ಅದೇ ಸೆನ್ಸರ್ ಸದಾ 0.1ರಲ್ಲಿ ಕೂತಿದ್ದು ಗಾಡಿ ಮಸಿ ಉಗುಳುತ್ತಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಹುಡುಕಿ, ಮಿಸ್‌ಫೈರ್ ಹುಡುಕಿ. ಎರಡರಲ್ಲೂ ಉರಿಯದ ಗಾಳಿ ಸೆನ್ಸರಿಗೆ ತಗುಲಿ, ಪೆಟ್ರೋಲ್ ಸಾಲದು ಎಂಬ ಸುಳ್ಳು ವರದಿ ಹೋಗುತ್ತದೆ.

ರಿಚ್ ಓಡುವ ಗಾಡಿ ಜೇಬನ್ನಷ್ಟೇ ಸುಡುವುದಿಲ್ಲ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ರಿಂಗ್ ಸವೆಸುತ್ತದೆ, ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೊಲ್ಲುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಸೀಟಿನ ಕೆಳಗೇ ಎಂಜಿನ್ ಇರುವ ಓಮ್ನಿಯಲ್ಲಿ ಎಕ್ಸಾಸ್ಟ್ ಜಾಯಿಂಟ್ ಸಡಿಲವಾಗಿದ್ದರೆ ಅಪಾಯ ನೇರ ಚಾಲಕನಿಗೆ.

ಆದ್ದರಿಂದ ಗಾಡಿ ಸಾಕುವವರಲ್ಲಿ ನನ್ನ ಕೋರಿಕೆ ಇಷ್ಟು. ಹೊಗೆ ತಪಾಸಣೆಯ ಚೀಟಿಯನ್ನು ಡ್ಯಾಶ್‌ಬೋರ್ಡಿಗೆ ತುರುಕುವ ಮುನ್ನ ಅದರಲ್ಲಿರುವ ಸಿಒ (ಕಾರ್ಬನ್ ಮಾನಾಕ್ಸೈಡ್) ಅಂಕಿ ಓದಿ. ಬಿಎಸ್-2, ಬಿಎಸ್-3 ಪೆಟ್ರೋಲ್ ಗಾಡಿಗೆ ಐಡ್ಲಿಂಗ್‌ನಲ್ಲಿ ಮಿತಿ ಶೇ 0.5. ಅದನ್ನು ದಾಟಿದ್ದರೆ ಮೆಕ್ಯಾನಿಕ್ ಬಳಿ ಮೊದಲು ಕೇಳಬೇಕಾದ ಪ್ರಶ್ನೆ, ನನ್ನ ಎಂಜಿನ್ ಎಷ್ಟು ಡಿಗ್ರಿಗೆ ಬಿಸಿಯಾಗುತ್ತಿದೆ ಎಂಬುದು. ಉತ್ತರ ಅಂಕಿಯಲ್ಲಿ ಸಿಗುವ ತನಕ ಯಾವ ಬಿಡಿಭಾಗಕ್ಕೂ ದುಡ್ಡು ಬಿಚ್ಚಬೇಡಿ.