ಮೂವತ್ತೊಂದು ದಿನಗಳ ಶಾಯಿ

ಅಕ್ಟೋಬರ್ ತಿಂಗಳ ಮೂವತ್ತೊಂದು ದಿನವೂ ಶಾಯಿಯಲ್ಲಿ ಒಂದೊಂದು ಚಿತ್ರ ಬರೆಯಬೇಕು, ಬರೆದದ್ದನ್ನು ಇತರರಿಗೆ ತೋರಿಸಬೇಕು. 'ಇಂಕ್‌ಟೋಬರ್' ಎಂದು ಹೆಸರಾದ ಸವಾಲಿನ ನಿಯಮ ಇಷ್ಟೇ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತನ್ನ ಶಾಯಿಯ ಕೆಲಸ ಸುಧಾರಿಸಿಕೊಳ್ಳಲೆಂದು ತನಗೆ ತಾನೇ ಹಾಕಿಕೊಂಡ ಈ ಕಟ್ಟಳೆ ಕೆಲವೇ ವರ್ಷಗಳಲ್ಲಿ ಜಗತ್ತಿನ ನಾನಾ ಕಡೆ ಹಬ್ಬಿತು. 2016ರಿಂದ ದಿನಕ್ಕೊಂದು ಪದದ ಪಟ್ಟಿಯೂ ಬರತೊಡಗಿತು. ದಿನಾ ಆಗದವರು ದಿನ ಬಿಟ್ಟು ದಿನ, ಅದೂ ಆಗದವರು ವಾರಕ್ಕೊಂದು ಬರೆಯಬಹುದೆಂಬ ರಿಯಾಯಿತಿ ಇದೆ. ಇದನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕುವವರಿದ್ದಾರೆ, ಕಲೆಯ ಪ್ರಜಾಪ್ರಭುತ್ವವೆಂದು ಕೊಂಡಾಡುವವರೂ ಇದ್ದಾರೆ. 2019ರಲ್ಲಿ ನಮ್ಮೂರಿನ ನಾಲ್ವರ ಜೊತೆ ಸೇರಿ ಆ ತಿಂಗಳನ್ನು ಪೂರೈಸಿದ ನನಗೆ ಎರಡೂ ಅವಸರದ ತೀರ್ಮಾನಗಳಾಗಿ ಕಾಣುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹೀಗೆ ಕೂಡಿ ಬರೆಯುವ ಕಡೆ ಒಬ್ಬರ ಗೆರೆಯನ್ನು ಇನ್ನೊಬ್ಬರು ತಿದ್ದುತ್ತಾರೆಯೇ?

ಮೊದಲು ಶಾಯಿಯ ಮಾತು. ಕನ್ನಡದ 'ಶಾಯಿ' ಪಾರಸಿಯ 'ಸಿಯಾಹಿ'ಯಿಂದ ಬಂದದ್ದು, ಕಪ್ಪು ಎಂಬುದೇ ಅದರ ಅರ್ಥ. 'ದೌತಿ' ಅರಬ್ಬಿಯ 'ದವಾತ್'. ಇವೆರಡೂ ಬರುವ ಮೊದಲೇ ನಮ್ಮವರು ಓಲೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ತೀಡುತ್ತಿದ್ದರು. ಕೊರೆದದ್ದನ್ನು ಅಳಿಸುವುದು ಅಲ್ಲಿಯೂ ಸುಲಭವಿರಲಿಲ್ಲ. ಬಣ್ಣದಲ್ಲಾದರೆ ಮೇಲೊಂದು ಲೇಪ ಕೊಟ್ಟು ಹಳೆಯದನ್ನು ಮುಚ್ಚಬಹುದು. ಶಾಯಿಯಲ್ಲಿ ಕೈ ಅಳುಕಿದ ಜಾಗ ಹಾಗೆಯೇ ಉಳಿಯುತ್ತದೆ, ನೋಡುವವನಿಗೂ ಕಾಣುತ್ತದೆ. ಈ ಸವಾಲಿನಲ್ಲಿ ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲು ಅವಕಾಶವಿದೆ. ನಮ್ಮ ಗುಂಪಿನ ಡ್ರಾಯಿಂಗ್ ಮಾಸ್ತರರು ಆ ಅವಕಾಶವನ್ನು ಕೊನೆಯ ದಿನದವರೆಗೂ ಬಳಸಿದರು. ಅವರ ಚಿತ್ರಗಳು ಅಚ್ಚುಕಟ್ಟಾಗಿದ್ದವು, ಆದರೆ ಅವುಗಳಲ್ಲಿ ಶಾಯಿ ಪೆನ್ಸಿಲಿನ ಗುಮಾಸ್ತನಂತೆ ನಕಲು ಮಾಡುತ್ತಿತ್ತು ಅಷ್ಟೆ.

ಈಗ ಪದಗಳ ಪಟ್ಟಿ. ನನ್ನಂಥ ಕತೆಗಾರರಿಗೆ ಕುತೂಹಲದ ಭಾಗ ಇದೇ. ಉರ್ದುವಿನ ತರಹೀ ಮುಷಾಯಿರಾ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಒಂದು ಮಿಸ್ರಾ, ಅಂದರೆ ಒಂದು ಸಾಲನ್ನು ಮೊದಲೇ ಕೊಟ್ಟಿರುತ್ತಾರೆ. ಅದೇ ಛಂದಸ್ಸಿನಲ್ಲಿ, ಅದೇ ಕಾಫಿಯಾ ಮತ್ತು ರದೀಫ್‌ನಲ್ಲಿ ಎಲ್ಲ ಕವಿಗಳೂ ಗಜಲ್ ಕಟ್ಟಿ ತರಬೇಕು. ಹಾಗೆ ಬಂದ ಗಜಲುಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕುವ 'ಗುಲ್ದಸ್ತಾ'ಗಳು 19ನೇ ಶತಮಾನದಲ್ಲಿ ಉರ್ದು ಊರುಗಳಲ್ಲೆಲ್ಲ ಹೊರಡುತ್ತಿದ್ದವು. ನಮ್ಮ ಅವಧಾನಿಗಳ ಸಮಸ್ಯಾಪೂರಣ ಇದರ ದಾಯಾದಿ. ಅಲ್ಲಿ ಕೇಳುಗನಿಗೆ ಪ್ರಾಸ ಮೊದಲೇ ಗೊತ್ತಿರುತ್ತದೆ. ಕವಿ ಆ ಜಾಗಕ್ಕೆ ಯಾವ ದಾರಿಯಿಂದ ಬಂದು ಸೇರುತ್ತಾನೆ ಎಂಬುದನ್ನೇ ಅವನು ಕಾಯುತ್ತಾನೆ. ಕಟ್ಟು ಬಿಗಿಯಾಗಿರುವುದರಿಂದಲೇ ಒಬ್ಬ ಕವಿಯನ್ನು ಇನ್ನೊಬ್ಬನ ಪಕ್ಕದಲ್ಲಿಟ್ಟು ತೂಗಲು ಬರುತ್ತದೆ. ಇಂಕ್‌ಟೋಬರ್ ಕೊಡುವುದು ಬರೀ ಒಂದು ಪದ. ಕಟ್ಟು ಸಡಿಲ, ಆದ್ದರಿಂದ ತೂಕವೂ ಸಡಿಲ.

ಆ ಪದವಾದರೂ ಯಾರದು? 2019ರ ಪಟ್ಟಿಯ ಮೊದಲ ಪದ 'ರಿಂಗ್'. ಇಂಗ್ಲಿಷಿನವನಿಗೆ ಅದು ಉಂಗುರ, ಗಂಟೆಯ ಸದ್ದು, ಕುಸ್ತಿಯ ಕಣ, ಎಲ್ಲವೂ ಹೌದು. ಕನ್ನಡಕ್ಕೆ ತಂದ ಕೂಡಲೇ ಅದು ಉಂಗುರವಾಗಿ ಕೂತುಬಿಡುತ್ತದೆ. ಆರನೆಯ ದಿನದ 'ಹಸ್ಕಿ' ಒಡೆದ ದನಿಯೂ ಹೌದು, ಹಿಮಬಂಡಿ ಎಳೆಯುವ ನಾಯಿಯೂ ಹೌದು. 27ನೇ ದಿನದ 'ಕೋಟ್' ತೊಡುವ ಕೋಟು, ಪ್ರಾಣಿಯ ಮೈಗೂದಲು, ಬಣ್ಣದ ಲೇಪ. ಈ ಪಟ್ಟಿಯ ಅರ್ಧ ಚೆಲುವಿರುವುದು ಇಂಥ ಶ್ಲೇಷೆಯಲ್ಲಿ, ಮತ್ತು ಆ ಶ್ಲೇಷೆ ಇಂಗ್ಲಿಷಿನೊಳಗಿನದು. 11ನೇ ದಿನ ಹಿಮ, 12ನೇ ದಿನ ಡ್ರ್ಯಾಗನ್. ಹಿಮ ಕಾಣದವನು ಹಿಮ ಬರೆಯಬಾರದು ಎಂದಲ್ಲ. ಆದರೆ ಅವನು ಬರೆಯುವುದು ಬೇರೆಯವರ ಚಿತ್ರ ನೋಡಿ ಕಲಿತ ಹಿಮವನ್ನು. ಜಗತ್ತಿನ ಮೂಲೆಮೂಲೆಯಿಂದ ಬಂದ ಡ್ರ್ಯಾಗನ್ನುಗಳು ಒಂದನ್ನೊಂದು ಹೋಲುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಉತ್ತರ ಕರ್ನಾಟಕದ ಊರೂರೇ ನೀರಿನಲ್ಲಿ ನಿಂತಿದ್ದವು. ನಮ್ಮ ಗುಂಪಿನಲ್ಲಿದ್ದ ಬ್ಯಾಂಕ್ ನೌಕರನ ತವರೂರು ಮಲಪ್ರಭೆಯ ದಂಡೆಯದು. 21ನೇ ದಿನದ ಪದ 'ಟ್ರೆಜರ್', ಅಂದರೆ ನಿಧಿ. ಉಳಿದವರು ಕೊಪ್ಪರಿಗೆ, ಪೆಟ್ಟಿಗೆ, ನಾಣ್ಯ ಬರೆದು ತಂದೆವು. ಅವನು ಅಂಗಳದ ಹಗ್ಗದ ಮೇಲೆ ಒಣಹಾಕಿದ ರೇಷನ್ ಕಾರ್ಡು, ಪಹಣಿ, ಒಂದು ಮದುವೆಯ ಫೋಟೋ ಬರೆದಿದ್ದ. ಕಾಗದಗಳ ಅಂಚು ನೀರಿಗೆ ಸುಕ್ಕುಗಟ್ಟಿದ್ದನ್ನು ತೆಳು ಶಾಯಿಯಲ್ಲಿ ತೋರಿಸಿದ್ದ. ಅಂಗರಚನೆ ಬಾರದ, ದೃಷ್ಟಿಕೋನದ ಲೆಕ್ಕ ತಿಳಿಯದ ಕೈ ಅದು. ಆದರೂ ನಾವು ಐವರು ಬರೆದ ನೂರೈವತ್ತೈದು ಚಿತ್ರಗಳಲ್ಲಿ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ. ಹೊರಗಿನ ಪದವನ್ನು ಅವನು ತನ್ನ ಅಂಗಳಕ್ಕೆ ಎಳೆದು ತಂದಿದ್ದ. ಪಟ್ಟಿಗೆ ಶರಣಾಗದೆ ಪಟ್ಟಿಯನ್ನು ಬಳಸಿಕೊಳ್ಳುವುದೆಂದರೆ ಇದು.

ತಿದ್ದುವ ಮಾತಿಗೆ ಬರೋಣ. ಉರ್ದು ಶಾಲೆಯಲ್ಲಿ ಓದಿದವರಿಗೆ 'ಮಶ್ಕ್' ಎಂದರೆ ಪಾಠದ ಕೊನೆಯ ಅಭ್ಯಾಸ. ಖುಶ್ನವೀಸಿಯಲ್ಲಿ, ಅಂದರೆ ಅಕ್ಷರಕಲೆಯಲ್ಲಿ, ಅದು ಬದುಕಿನ ಉದ್ದಕ್ಕೂ ನಡೆಯುವ ಕೆಲಸ. ಉಸ್ತಾದರು ಬರೆದುಕೊಟ್ಟ ಅಕ್ಷರವನ್ನು ಶಿಷ್ಯ ದಿನವೂ ಬರೆಯಬೇಕು, ಉಸ್ತಾದರು ಅದರ ಮೇಲೆಯೇ ತಿದ್ದಬೇಕು. ಆ ತಿದ್ದುಪಡಿಗೆ, ಕವಿತೆಯಲ್ಲಿ ಇದ್ದಂತೆ, 'ಇಸ್ಲಾಹ್' ಎಂದು ಹೆಸರು. ಉಸ್ಮಾನಿ ತುರ್ಕರ ಪರಂಪರೆಯಲ್ಲಂತೂ ಇಜಾಜತ್ ಪತ್ರ ಸಿಗುವವರೆಗೆ ಶಿಷ್ಯ ತನ್ನ ಬರಹಕ್ಕೆ ಸಹಿ ಹಾಕುವಂತಿರಲಿಲ್ಲ. ಇಂಕ್‌ಟೋಬರ್‌ನಲ್ಲಿ ಎಲ್ಲರೂ ಮೊದಲ ದಿನವೇ ಸಹಿ ಹಾಕುತ್ತಾರೆ, ಮೊದಲ ದಿನವೇ 'ವಾಹ್' ಪಡೆಯುತ್ತಾರೆ.

ಹಾಗೆಂದು ಉಸ್ತಾದರ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಯಾರೂ ಹೇಳಲಾರರು. ನಮ್ಮೊಂದಿಗಿದ್ದ ಕಾಲೇಜು ಹುಡುಗಿ ಮದುವೆಮನೆಗಳಲ್ಲಿ ಮೆಹಂದಿ ಹಾಕಿ ಕೈ ಪಳಗಿಸಿಕೊಂಡವಳು. ಅವಳನ್ನು ಯಾವ ಉಸ್ತಾದರೂ ಕರೆದು ಕೂರಿಸಿಕೊಂಡಿರಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದ ಈ ತಿಂಗಳು ಅವಳನ್ನು ಒಳಗೆ ಬಿಟ್ಟಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಒಳಗೆ ಬಂದವಳಿಗೆ ಅಲ್ಲಿ ಸಿಗುವುದೇನು ಎಂಬುದೇ ನನ್ನ ತಕರಾರು. ಅವಳ ಬಳಗದವರು ಮೊದಲ ವಾರದುದ್ದಕ್ಕೂ ಹೊಗಳಿದರು, ಗೆರೆ ಇದ್ದಲ್ಲೇ ಇತ್ತು. ನಾವು ಭಾನುವಾರ ಸೇರುತ್ತಿದ್ದುದು ಬೋರ್ಡು ಬರೆಯುವ ಚಾಚಾ ಅವರ ಅಂಗಡಿಯಲ್ಲಿ. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸವಿಲ್ಲ. ಐದನೆಯವರಾಗಿ ಅವರೂ ಬರೆಯುತ್ತಿದ್ದರು. ಎರಡನೆಯ ಭಾನುವಾರ ಅವಳ ಹಾಳೆಗಳನ್ನು ಸಾಲಾಗಿ ಹರಡಿ ಅವರು ಹೇಳಿದ್ದು ಇಷ್ಟು: "ಚೆನ್ನಾಗಿದೆ ಬೇಟಿ, ಆದರೆ ಎಲ್ಲಾ ಗೆರೆಯೂ ಒಂದೇ ದಪ್ಪ. ಇದು ಕೋನ್ ಅಲ್ಲ, ಬ್ರಷ್ಷು. ಒತ್ತು, ಎತ್ತು." ಅವಳ ಮುಖ ಸಪ್ಪಗಾಯಿತು. 13ನೇ ದಿನದ ಪದ ಬೂದಿ. ಅಂದು ಅವಳು ಬರೆದ ಒಲೆಯಲ್ಲಿ ಗೆರೆ ಮೊದಲ ಬಾರಿಗೆ ದಪ್ಪವಾಗಿ ಶುರುವಾಗಿ ಹೊಗೆಯ ಹಾಗೆ ಸಪೂರವಾಗುತ್ತ ಹೋಗಿತ್ತು.

ದಿನಕ್ಕೊಂದು ಬರೆಯುವುದರಲ್ಲೇ ಹಿರಿಮೆ ಏನಿಲ್ಲ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಆರಂಭಿಸಿದ ದಿನಚಿತ್ರವನ್ನು ದಶಕಗಳ ಕಾಲ ನಡೆಸಿದರು. ಮರುದಿನ ಬೆಳಿಗ್ಗೆ ಲಕ್ಷಾಂತರ ಓದುಗರ ಎದುರು ಆ ಗೆರೆ ನಿಲ್ಲಬೇಕಿತ್ತು. ಜಪಾನಿನ ಹೊಕುಸಾಯ್ ಎಂಬತ್ತು ದಾಟಿದ ಮೇಲೆ, 1842-43ರ ಸುಮಾರಿಗೆ, ಕೆಡುಕು ಕಳೆಯಲೆಂದು ದಿನಕ್ಕೊಂದು ಸಿಂಹ ಬರೆದ. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಇರಾನಿನ ಖುಶ್ನವೀಸರು ಅಕ್ಷರದ ಮೇಲೆ ಅಕ್ಷರ ಬರೆದು ಹಾಳೆಯನ್ನೇ ಕಪ್ಪಾಗಿಸುತ್ತಿದ್ದ 'ಸಿಯಾಹ್ ಮಶ್ಕ್' ಮೊದಲಿಗೆ ಬರೀ ಅಭ್ಯಾಸವಾಗಿತ್ತು. ಅದು ತಾನೇ ಒಂದು ಕಲಾಪ್ರಕಾರವಾದದ್ದು ಆಮೇಲೆ. ಇಂದಿನ ಸವಾಲಿನಲ್ಲಿ ಅಭ್ಯಾಸ ಮತ್ತು ಪ್ರದರ್ಶನದ ನಡುವೆ ಅಂಥ ಅಂತರವಿಲ್ಲ, ಶಾಯಿ ಒಣಗುವ ಮೊದಲೇ ಚಿತ್ರ ಅಂಗಡಿಗೆ ಬಂದಿರುತ್ತದೆ. ಅಂಗಡಿಯ ಮಾತು ಸುಮ್ಮನೆ ಎತ್ತಿದ್ದಲ್ಲ. 2019ರ ಕೊನೆಗೆ ಆ ಹೆಸರಿನ ಟ್ರೇಡ್‌ಮಾರ್ಕ್ ಬಗ್ಗೆಯೇ ಜಗಳವೆದ್ದು, ಹೆಸರು ಹಾಕಿ ಮಾರುತ್ತಿದ್ದ ಕೆಲವರ ಸರಕನ್ನು ಜಾಲದ ಮಳಿಗೆಗಳಿಂದ ತೆಗೆಸಲಾಯಿತು. ಆಮೇಲೆ ಬೇರೆ ಬೇರೆ ಹೆಸರಿನ ಪಟ್ಟಿಗಳು ಚಲಾವಣೆಗೆ ಬಂದವು.

ಹಾಗಿದ್ದರೆ ಕನ್ನಡದ್ದೇ ಒಂದು ಪಟ್ಟಿ ಏಕಿರಬಾರದು? ಶ್ಲೇಷೆಗೆ ನಮ್ಮಲ್ಲಿ ಬರವಿಲ್ಲ. 'ಕಾಡು' ಅರಣ್ಯವೂ ಹೌದು, ಪೀಡಿಸುವುದೂ ಹೌದು. 'ಅಲೆ' ನೀರಿನದು, ಊರೂರು ತಿರುಗುವುದೂ ಅದೇ. 'ಕರೆ' ಕೂಗು, ಕಲೆ, ಹಾಲು ಹಿಂಡುವುದು. ಪಟ್ಟಿಯ ಜೊತೆ ಒಂದು ಕಟ್ಟೂ ಇರಲಿ: ಒಂದು ವಾರ ಬರೀ ಕುಂಚ, ಒಂದು ವಾರ ಬರೀ ಲೇಖಣಿ, ಮತ್ತು ಚಿತ್ರ ತೋರಿಸಿದವರು ಇನ್ನೊಬ್ಬರ ಚಿತ್ರದಲ್ಲಿ ಒಂದನ್ನಾದರೂ ತಿದ್ದಿ ಹೇಳಲೇಬೇಕು. ಇದನ್ನು ಚಾಚಾ ಅವರ ಅಂಗಡಿಯಲ್ಲಿ ಹೇಳಿದಾಗ ಮಾಸ್ತರರು ಪೆನ್ಸಿಲಿಗೂ ಒಂದು ವಾರ ಕೇಳಿದರು. ಚಾಚಾ ಒಪ್ಪಲಿಲ್ಲ. ಬ್ಯಾಂಕಿನ ಗೆಳೆಯ ಪಟ್ಟಿಗೆ ಒಂದು ಪದ ಸೇರಿಸಿದ: 'ನೆರೆ'. ನದಿಯ ನೆರೆ, ಪಕ್ಕದ ಮನೆಯ ನೆರೆ, ತಲೆಗೂದಲಿನ ನೆರೆ.