ಹಗೇವಿನ ಒಣ ಕತ್ತಲು

ಚೆಲುವಾದ ಕಟ್ಟಡ ಎಂದ ಕೂಡಲೇ ಗೋಪುರ, ಕಂಬ, ಕಮಾನು ಕಣ್ಣ ಮುಂದೆ ಬರುತ್ತವೆ. ನನ್ನ ಮೆಚ್ಚಿನ ಕಟ್ಟಡಕ್ಕೆ ಇವು ಯಾವುವೂ ಇಲ್ಲ. ಅದನ್ನು ಅಗೆದು ಮಾಡುತ್ತಿದ್ದರು, ಮಾಡಿ ಮುಗಿದ ಮೇಲೆ ಮಣ್ಣು ಮುಚ್ಚಿ ಗುರುತು ಸಿಗದಂತೆ ಬಿಡುತ್ತಿದ್ದರು. ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ ಸೀಮೆಯ ಹಳ್ಳಿಗಳಲ್ಲಿ ಮನೆಯ ಮುಂದೆ, ಪಡಸಾಲೆಯ ಕೆಳಗೆ, ಕೆಲವೊಮ್ಮೆ ಓಣಿಯ ನಡುವೆಯೇ ಜೋಳ ತುಂಬಿಡಲು ತೋಡುತ್ತಿದ್ದ ಹಗೇವು ಅದು. ಹಳೇ ಮೈಸೂರಿನ ಕಡೆ ಅದೇ ಹಗೇವಿಗೆ ರಾಗಿ ಬೀಳುತ್ತಿತ್ತು.

ಬಾಯಿ ಕಿರಿದು, ಒಬ್ಬ ಆಳು ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟು. ಕತ್ತು ದಾಟಿದರೆ ಹೊಟ್ಟೆ ಹರವಾಗುತ್ತದೆ. ನೆಲದಲ್ಲಿ ಹೂತಿಟ್ಟ ಗುಡಾಣ ಎನ್ನಿ. ಬಾಯಿ ಸಣ್ಣದಾದಷ್ಟೂ ನೀರಿಗೂ ಗಾಳಿಗೂ ದಾರಿ ಸಣ್ಣದು. ಮೇಲೆ ಬಾಗಿಕೊಂಡ ಮಣ್ಣು ತನ್ನ ಭಾರವನ್ನು ತಾನೇ ಸುತ್ತಲಿನ ನೆಲಕ್ಕೆ ದಾಟಿಸುವುದರಿಂದ ಒಳಗೆ ತೊಲೆ ಕಂಬಗಳ ಹಂಗಿಲ್ಲ.

ಆದರೆ ಹಗೇವಿನ ಜಾಣತನವೆಲ್ಲ ಗುದ್ದಲಿ ಎತ್ತುವ ಮೊದಲೇ ಮುಗಿದಿರುತ್ತದೆ. ಆ ಸೀಮೆಯ ಹೊಲಗಳದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಆ ಬಿರುಕುಗಳೇ ಮುಂಗಾರಿನ ಮೊದಲ ಮಳೆಗೆ ಕಾಲುವೆಗಳು. ಜೋಳ ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲವಿಲ್ಲ, ಜೋಳ ಇಡಲು ಇದಕ್ಕಿಂತ ಕೆಟ್ಟದ್ದಿಲ್ಲ. ಹಾಗಾಗಿ ಹಗೇವಿಗೆ ಹುಡುಕುತ್ತಿದ್ದುದು ಊರ ದಿಬ್ಬದ ಗರಸು ನೆಲ. ಅದು ಗುದ್ದಲಿಗೆ ಒಗ್ಗುತ್ತದೆ, ಆದರೆ ಕುಸಿಯುವುದಿಲ್ಲ. ಮೇಲೆ ಬಿದ್ದ ನೀರು ನಿಲ್ಲದೆ ತಗ್ಗಿಗೆ ಹೋಗುತ್ತದೆ, ಅಂತರ್ಜಲ ತಳಕ್ಕಿಂತ ಬಹಳ ಕೆಳಗಿರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಬಯಲುಸೀಮೆಗಷ್ಟೇ ಹೊಂದುವ ಉಪಾಯ ಇದು. 7000 ಮಿಲಿಮೀಟರಿನ ಆಗುಂಬೆಯಲ್ಲಿ ಹಗೇವು ತೋಡಿದರೆ ಬಾವಿ ಸಿಕ್ಕೀತು. ಮಲೆನಾಡಿನ ಭತ್ತ ನೆಲದ ಸಹವಾಸವೇ ಬೇಡವೆಂದು ಮೇಲೇರಿ ಪಣತವೆಂಬ ಕಣಜ ಸೇರುತ್ತಿತ್ತು.

ನೆಲದೊಳಗೆ ತೋಡಿದ್ದೆಲ್ಲ ಒಣಗಿರುವುದಿಲ್ಲ. ಹಂಪಿಯ ಪ್ರಸನ್ನ ವಿರೂಪಾಕ್ಷನ ಗುಡಿ ಸುತ್ತಲಿನ ನೆಲಮಟ್ಟಕ್ಕಿಂತ ಕೆಳಗಿದ್ದು, ಮಳೆಗಾಲದಲ್ಲಿ ಒಳಗೆಲ್ಲ ನೀರು ನಿಲ್ಲುತ್ತದೆ. ಶಿವ ಅಭಿಷೇಕಪ್ರಿಯ, ತಡೆದುಕೊಂಡಾನು, ಜೋಳ ತಡೆಯದು. ಇನ್ನು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಕೆರೆಯ ನೀರು ಹರಿಯುವ ತಗ್ಗಿನಲ್ಲಿ ತೋಡಿ, ಗೋಡೆಗೆ ಡಾಂಬರಿನ ಹಾಳೆ ಹೊದಿಸಿ, ರಾಸಾಯನಿಕ ಬಳಿದು, ಸಾಲದ್ದಕ್ಕೆ ಪಂಪ್ ಕೂರಿಸುತ್ತೇವೆ. ಗೋಡೆಯ ಹೊರಗೆ ನಿಂತ ನೀರು 1 ಮೀಟರ್ ಆಳಕ್ಕೆ ಚದರ ಮೀಟರಿಗೆ 1 ಟನ್ನಿನಂತೆ ಹಗಲಿರುಳು ಒತ್ತುತ್ತಲೇ ಇರುತ್ತದೆ. ಕರೆಂಟು ಹೋದ ದಿನ ಗೆಲ್ಲುವುದು ಯಾರೆಂದು ಬೇರೆ ಹೇಳಬೇಕೇ? ಹಗೇವು ಆ ಕುಸ್ತಿಯ ಕಣಕ್ಕೇ ಇಳಿಯುವುದಿಲ್ಲ.

ಒಳಗಿನ ಹೊದಿಕೆಯನ್ನು ನೋಡಬೇಕು. ತಳಕ್ಕೆ ಹೊಟ್ಟು, ಅದರ ಮೇಲೆ ಕಣಿಕೆ, ಗೋಡೆಗುಂಟ ಹುಲ್ಲಿನ ದಪ್ಪ ಹಗ್ಗ ಸುತ್ತುಸುತ್ತಾಗಿ ಮೇಲಿನವರೆಗೆ. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ತೇವ ತಾನಾಗಿ ಏರುತ್ತದೆ, ಅಡ್ಡಡ್ಡ ಹರಡುತ್ತದೆ; ಹುಲ್ಲಿನ ಎಳೆಗಳ ನಡುವಿನ ದೊಡ್ಡ ಸಂದು ಎದುರಾದರೆ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ, ಎಲ್ಲವೂ ಅದೇ ಹೊಲದ್ದು: ಜೋಳವನ್ನು ಕಾಯುವುದು ಜೋಳದ್ದೇ ದಂಟು. ತುಂಬುವ ಕಾಳು ಚೆನ್ನಾಗಿ ಒಣಗಿರಬೇಕು, ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕು. ಹಸಿ ಕಾಳು ಒಳಗೆ ಹೋದರೆ ಹೊರಗಿನ ನೀರು ಬೇಕಿಲ್ಲ, ಅದೇ ಬಿಸಿಯೇರಿ ಮುಗ್ಗುತ್ತದೆ. ತುಂಬಿದ ಮೇಲೆ ಬಾಯಿಗೆ ಕಲ್ಲಿನ ಚಪ್ಪಡಿ, ಸಂದಿಗೆ ಹಸಿಮಣ್ಣು, ಅದರ ಮೇಲೆ ನೀರು ಜಾರುವಂತೆ ಮಣ್ಣಿನ ದಿನ್ನೆ.

ಅಲ್ಲಿಂದ ಮುಂದಿನ ಕೆಲಸ ಕಾಳಿನದೇ. ಕಾಳು ಉಸಿರಾಡುತ್ತದೆ. ಮುಚ್ಚಿದ ಕತ್ತಲಲ್ಲಿ ಇದ್ದಷ್ಟು ಆಮ್ಲಜನಕವನ್ನು ಕಾಳೂ ಹುಳವೂ ಸೇರಿ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ನುಸಿ ಸಾಯುತ್ತದೆ. ಗುಳಿಗೆ ಇಲ್ಲ, ಪುಡಿ ಇಲ್ಲ. ಬರಗಾಲದ ವರ್ಷಗಳನ್ನು ದಾಟಿಸಿದ್ದು ಈ ಗಾಳಿಯಿಲ್ಲದ ಕತ್ತಲೇ.

ಆ ಕತ್ತಲಿಗೆ ಮನುಷ್ಯರೂ ಬಲಿಯಾಗಿದ್ದಾರೆ. ಚಪ್ಪಡಿ ಸರಿಸಿದ ಕೂಡಲೇ ಇಳಿದವನು ಕೂಗಲೂ ಆಗದೆ ಬಿದ್ದು, ಅವನನ್ನು ಎತ್ತಲು ಹೋದವನೂ ಅಲ್ಲೇ ಉಳಿದ ಪ್ರಸಂಗಗಳುಂಟು. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವ ಪದ್ಧತಿ. ದೀಪ ಆರಿದರೆ "ಇಳೀಬ್ಯಾಡ್ರಿ, ಇನ್ನ ಸ್ವಲ್ಪ ತಡೀರಿ" ಎನ್ನುವ ಹಿರಿಯರ ಮಾತಿಗೆ ಎದುರಾಡುವಂತಿಲ್ಲ. ಹಾಗೆಂದು ಉರಿಯುವ ದೀಪವನ್ನೇ ಪೂರ್ತಿ ನಂಬುವಂತೆಯೂ ಇಲ್ಲ.

ಇಳಿದವರಿಗೆ ಮೊದಲು ಕೈಗೆ ಸಿಗುವುದು ಹುಲ್ಲಿಗೆ ಅಂಟಿದ ಕಾಳು: ಕಪ್ಪಿಟ್ಟು, ಗಂಟುಕಟ್ಟಿ, ಹುಳಿನಾತ ಹೊಡೆಯುತ್ತದೆ. ಗೋಡೆಯಿಂದ ಬಂದ ಅಷ್ಟಿಷ್ಟು ತೇವವನ್ನು ಹೀರಿಕೊಂಡು ಕೆಟ್ಟ ಅಂಚು ಇದು. ಈ ನಷ್ಟವನ್ನು ರೈತ ತುಂಬುವಾಗಲೇ ಲೆಕ್ಕ ಹಾಕಿರುತ್ತಿದ್ದ. ಅದರಾಚೆಗಿನ ಕಾಳು ಗಟ್ಟಿ. ಬಿಳುಪು ಕೊಂಚ ಮಾಸಿ, ಮಣ್ಣು ಹುಲ್ಲುಗಳ ಕಮಟು ವಾಸನೆ ಹಿಡಿದಿರುತ್ತದೆ. ಆ ಜೋಳದ ರೊಟ್ಟಿ ಹೊಸಬರಿಗೆ ಸೇರದು. ನನಗಂತೂ ಹಿಂಡಿಪಲ್ಯೆಯ ಜೊತೆ ಆ ವಾಸನೆ ಇಷ್ಟ. ಬಿತ್ತುವ ಜೋಳವನ್ನು ಮಾತ್ರ ಯಾರೂ ಹಗೇವಿಗೆ ಹಾಕುತ್ತಿರಲಿಲ್ಲ, ಅಲ್ಲಿಂದ ಬಂದ ಕಾಳಿನ ಮೊಳಕೆ ನಂಬುವಂಥದ್ದಲ್ಲ. ಬೀಜದ ಕಾಳು ಬೂದಿ ಬೆರೆಸಿಕೊಂಡು, ಮನೆಯೊಳಗೆ ಬೇರೆ ಗಡಿಗೆಯಲ್ಲಿರುತ್ತಿತ್ತು.