ಹಾರ್ಟು ಗಂಡಸರಿಗೆ, ಗಂಟು ಹೆಂಗಸರಿಗೆ?

ತೆಲಂಗಾಣದ ಧನ್ವಾಡ, ಮಕ್ತಲ್, ಆಚೆ ಗದ್ವಾಲದ ಕಡೆ ಹೊಲಮನೆ ಪಾಲಾದ ಹಾಗೆ ಕಾಯಿಲೆಗಳೂ ಪಾಲಾಗಿವೆ. ಎದೆನೋವು, ಬಿಪಿ, ಸ್ಟೆಂಟು ಗಂಡಸರಿಗೆ. ಮೊಲೆಯ ಗಂಟು, ಗರ್ಭಚೀಲದ ತಕರಾರು ಹೆಂಗಸರಿಗೆ. ಗಂಡಸು ಎದೆ ಹಿಡಿದುಕೊಂಡು ಕೂತರೆ ಮಹಬೂಬನಗರಕ್ಕೋ ರಾಯಚೂರಿಗೋ ಗಾಡಿ ಹೊರಡುತ್ತದೆ. ಹೆಂಗಸು ಕೂತರೆ "ಗ್ಯಾಸ್ ಆಗಿರಬೇಕು, ಸೋಡಾ ಕುಡಿ" ಎನ್ನುತ್ತಾರೆ. ಓದುಬರಹ ಇಲ್ಲದವರ ತಿಳಿವಳಿಕೆ ಅಂತ ಇದನ್ನು ತಳ್ಳಿಹಾಕುವ ಹಾಗೂ ಇಲ್ಲ. ಹೈದರಾಬಾದಿನ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳೂ ಸೆಪ್ಟೆಂಬರ್ 29ಕ್ಕೆ ಹೃದಯದ ದಿನ ಮಾಡಿ ಬ್ಯಾನರ್ ಬಿಚ್ಚುತ್ತವೆ, ಅಕ್ಟೋಬರ್ ಹುಟ್ಟಿದ ಕೂಡಲೇ ಗುಲಾಬಿ ರಿಬ್ಬನ್ ಕಟ್ಟುತ್ತವೆ. ಒಂದು ಕಟ್ಟಡದಲ್ಲಿ ಹೃದಯ, ಇನ್ನೊಂದರಲ್ಲಿ ಸ್ತನ. ಎರಡೂ ಒಬ್ಬಳದೇ ಮೈಯಲ್ಲಿವೆ ಎಂಬುದನ್ನು ಯಾವ ಕಟ್ಟಡವೂ ಹೇಳುವುದಿಲ್ಲ.

ಭಾರತದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳು, 98 ಸಾವಿರ ಸಾವು. ಹೃದಯ ಮತ್ತು ರಕ್ತನಾಳದ ಕಾಯಿಲೆಗೆ ಸಾಯುವ ಹೆಂಗಸರು ಇದರ ಹಲವು ಪಟ್ಟು. ಆದರೆ ಯಾವುದು ದೊಡ್ಡ ಕಾಯಿಲೆ ಎಂಬ ಪಂದ್ಯ ಕಟ್ಟುವುದು ನನಗೆ ಬೇಕಿಲ್ಲ. ಈ ಭಾಗದಲ್ಲಿ ಒಂದರ ಭಯ ತೋರಿಸಿ ಇನ್ನೊಂದನ್ನು ಮೈಮೇಲೆ ಎಳೆದು ಹಾಕಲಾಗುತ್ತಿದೆ. ನನ್ನ ತಕರಾರು ಅದರ ಮೇಲೆ.

ಬಿಳುಪು ಹೋಗುತ್ತದೆ, ಸೊಂಟ ನೋಯುತ್ತದೆ, ಮುಟ್ಟು ಜಾಸ್ತಿ ಎಂದು ಮೂವತ್ತು ಮೂವತ್ತೈದರ ಹೆಣ್ಣುಮಗಳು ದವಾಖಾನೆಗೆ ಹೋಗುತ್ತಾಳೆ. ಸ್ಕ್ಯಾನಿಂಗ್ ಆಗುತ್ತದೆ. "ಹಿಂಗೇ ಬಿಟ್ರ ಕ್ಯಾನ್ಸರ್ ಆಗ್ತದ" ಎಂಬ ಮಾತು ಬಂದ ಮೇಲೆ ಆಸ್ಪತ್ರೆಯವರು ಮುಂದೆ ಒತ್ತಾಯ ಮಾಡಬೇಕಾದ್ದೇನೂ ಉಳಿಯುವುದಿಲ್ಲ. ಮನೆಯಲ್ಲಿ ಅತ್ತೆಯೇ ಹೇಳುತ್ತಾಳೆ: "ಮಕ್ಕಳಾಗ್ಯಾವ, ಇನ್ನ ಅದ್ರದೇನ್ ಕೆಲಸ ಅದ? ತೆಗೆಸಿಬಿಡು, ಒಂದು ಕಾಟ ಹೋಗ್ತದ." ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ಸುತ್ತಿನಲ್ಲಿ ತೆಲಂಗಾಣದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 7.7ರಷ್ಟು ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದರು. ಇಡೀ ದೇಶದ ಸರಾಸರಿ ಶೇ. 3.2. ದೇಶದ ಲೆಕ್ಕದಲ್ಲಿ ಈ ಆಪರೇಷನ್‌ಗಳ ಮೂರನೇ ಎರಡು ಭಾಗ ಆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಗಡಿಯಾಚೆ ಕರ್ನಾಟಕದಲ್ಲೂ ಕಥೆ ಬೇರೆಯಿಲ್ಲ: ಕಲಬುರಗಿಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಬೇಕಾಬಿಟ್ಟಿ ತೆಗೆದ ಪ್ರಕರಣ ರಾಜ್ಯ ಮಹಿಳಾ ಆಯೋಗದವರೆಗೆ ಹೋಯಿತು. ಡಾ. ನರೇಂದ್ರ ಗುಪ್ತಾ ಹೂಡಿದ ಅರ್ಜಿಯ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು, ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಒಪ್ಪಿಕೊಳ್ಳಬೇಕೆಂದು ರಾಜ್ಯಗಳಿಗೆ ಹೇಳಿತು.

ಇಷ್ಟು ಮಾತು ಪತ್ರಿಕೆಗಳಲ್ಲಿ ಬಂದಿದೆ. ಬಾರದ್ದು ಅಂಡಾಶಯದ ಮಾತು. ಗರ್ಭಚೀಲದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೋ ಉಳಿಸಿದರೋ ಎಂದು ಕೇಳಿದರೆ ಆಪರೇಷನ್ ಆದವರಲ್ಲಿ ಬಹಳ ಮಂದಿ ಮುಖ ನೋಡುತ್ತಾರೆ. ಗರ್ಭಚೀಲ ಹೋದರೆ ಮುಟ್ಟು ನಿಲ್ಲುತ್ತದೆ, ಅಷ್ಟೆ. ಅಂಡಾಶಯ ಹೋದರೆ ಈಸ್ಟ್ರೋಜೆನ್ನೇ ಬಹುಪಾಲು ನಿಲ್ಲುತ್ತದೆ. ಮೂವತ್ತೈದರ ರಕ್ತನಾಳಕ್ಕೆ ರಾತ್ರೋರಾತ್ರಿ ಐವತ್ತರ ಸ್ಥಿತಿ ಬರುತ್ತದೆ. ಉಳಿಸಿದ ಅಂಡಾಶಯ ಕೂಡ ಗರ್ಭಚೀಲ ಹೋದ ಮೇಲೆ ಕೆಲವರಲ್ಲಿ ಅವಧಿಗೆ ಮುಂಚೆಯೇ ಸೋಲುತ್ತದೆ.

ಅಂಡಾಶಯ ತೆಗೆದರೆ ಸ್ತನ ಕ್ಯಾನ್ಸರ್ ಕಡಿಮೆಯಾಗುವುದು ನಿಜ. ಅಮೆರಿಕದ ನರ್ಸುಗಳ ಅಧ್ಯಯನದಲ್ಲಿ ಗರ್ಭಚೀಲ ತೆಗೆಸಿದ 29,380 ಹೆಂಗಸರನ್ನು 24 ವರ್ಷ ಹಿಂಬಾಲಿಸಿ 2009ರಲ್ಲಿ ಲೆಕ್ಕ ಕೊಟ್ಟರು. ಅಂಡಾಶಯವನ್ನೂ ತೆಗೆಸಿದ್ದವರಲ್ಲಿ ಸ್ತನ ಕ್ಯಾನ್ಸರ್ ಕಾಲುಭಾಗ ಕಡಿಮೆಯಿತ್ತು. ಹೃದಯದ ರಕ್ತನಾಳದ ರೋಗ ಶೇ. 17 ಜಾಸ್ತಿ. ಯಾವ ಕಾರಣದಿಂದಾದರೂ ಸಾಯುವ ಸಂಭವ ಶೇ. 12 ಜಾಸ್ತಿ. ಯಾವ ವಯಸ್ಸಿನಲ್ಲಿ ತೆಗೆಸಿದರೂ ಆಯುಷ್ಯ ಹೆಚ್ಚಲಿಲ್ಲ. ಐವತ್ತಕ್ಕೆ ಮುಂಚೆ ತೆಗೆಸಿ ಹಾರ್ಮೋನ್ ಮಾತ್ರೆಯನ್ನೂ ನುಂಗದವರಿಗೆ ಹೃದಯದ ಪೆಟ್ಟು ಇನ್ನೂ ಜೋರು. ನಮ್ಮ ಕಡೆ ಆಪರೇಷನ್ ಆದವರಿಗೆ ಹಾರ್ಮೋನ್ ಮಾತ್ರೆ ಬರೆದುಕೊಡುವವರು ಯಾರು? ಮನೆಗೆ ಬರುವುದು ಕ್ಯಾಲ್ಸಿಯಂ ಮಾತ್ರೆಯ ಒಂದು ಪಟ್ಟಿ, ಅದೂ ಒಂದು ತಿಂಗಳು. ಹಾಗಾಗಿ "ಕ್ಯಾನ್ಸರ್ ಬರಬಾರದು ಅಂತ ತೆಗೆಸಿದೆವು" ಎಂಬ ಮಾತಿನಲ್ಲಿ ಒಂದೆಳೆ ಸತ್ಯ ಇದೆ, ಆ ಎಳೆಗೆ ಕೊಟ್ಟ ಬೆಲೆ ಮಾತ್ರ ಯಾವ ರಸೀದಿಯಲ್ಲೂ ಕಾಣುವುದಿಲ್ಲ. (ಮನೆತನದಲ್ಲಿ ಬಿಆರ್‌ಸಿಎ ಜೀನಿನ ದೋಷ ಇದ್ದವರ ವಿಷಯ ಬೇರೆ. ಅವರಿಗೆ ಅಂಡಾಶಯ ತೆಗೆಯುವುದು ಜೀವ ಉಳಿಸುವ ಕೆಲಸ. ಆದರೆ ಆ ಪರೀಕ್ಷೆ ಮಾಡಿಸಿ ಆಮೇಲೆ ಕತ್ತರಿ ಹಿಡಿದ ನರ್ಸಿಂಗ್ ಹೋಮನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ.)

ಇನ್ನು ಕಳ್ಳು. ಈಚಲ ಕಳ್ಳು ತಂಪು, ಹೆಣ್ಣುಮಕ್ಕಳಿಗೂ ಒಳ್ಳೆಯದು ಎಂಬ ನಂಬಿಕೆ ಪಾಲಮೂರು, ಅಂದರೆ ಮಹಬೂಬನಗರ ಸೀಮೆಯಲ್ಲಿ ಗಟ್ಟಿ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ತೆಲಂಗಾಣದ ಹೆಂಗಸರಲ್ಲಿ ಶೇ. 6.7 ಮಂದಿ ಮದ್ಯ ಸೇವಿಸುವವರು, ಹಳ್ಳಿಗಳಲ್ಲಿ ಶೇ. 9. ಕರ್ನಾಟಕದಲ್ಲಿ ಶೇ. 1 ಕೂಡ ಇಲ್ಲ. ಕುಡಿತವೆಂದರೆ ಲಿವರ್ ಎಂದಷ್ಟೇ ಹೆದರಿಸುವ ನಮ್ಮ ಪ್ರಚಾರ, ಮದ್ಯದಿಂದ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ದಿನಕ್ಕೆ 10 ಗ್ರಾಂ ಆಲ್ಕೋಹಾಲು ಹೆಚ್ಚಿದಂತೆ ಸ್ತನ ಕ್ಯಾನ್ಸರ್ ಸಂಭವ ಶೇ. 7ರಷ್ಟು ಏರುತ್ತದೆ ಎಂದು 2002ರಲ್ಲೇ ಹಲವು ದೇಶಗಳ ಮಾಹಿತಿ ಸೇರಿಸಿ ತೋರಿಸಿದ್ದಾರೆ. ಬಿಪಿ ಏರುವುದಂತೂ ಜೊತೆಗೇ ಇದೆ. ದಿನವಿಡೀ ಬಗ್ಗಿ ಹತ್ತಿ ಬಿಡಿಸಿದವಳು ಸಂಜೆ ಒಂದು ಸೀಸೆ ಕುಡಿದರೆ ನೀತಿಪಾಠ ಹೇಳಲು ನನಗೆ ಮನಸ್ಸಿಲ್ಲ. ಅದು ತಂಪು ಎಂದು ಹೇಳಿಕೊಟ್ಟವರ ಮೇಲೆ ಮಾತ್ರ ಸಿಟ್ಟಿದೆ.

ಮುಟ್ಟು ನಿಂತ ಮೇಲೆ ಹೊಟ್ಟೆಯ ಸುತ್ತ ಸೇರುವ ಕೊಬ್ಬಿನದೂ ಇದೇ ಎರಡು ಕಡೆಯ ಕೆಲಸ. ಅಂಡಾಶಯ ನಿಂತ ಮೈಯಲ್ಲಿ ಈಸ್ಟ್ರೋಜೆನ್ ತಯಾರಾಗುವುದು ಹೆಚ್ಚಾಗಿ ಆ ಕೊಬ್ಬಿನಲ್ಲೇ. ಅದು ಸ್ತನದ ಗಂಟಿಗೆ ಗೊಬ್ಬರವಾಗುತ್ತದೆ, ಅದೇ ಕೊಬ್ಬು ಸಕ್ಕರೆ ಕಾಯಿಲೆಯ ದಾರಿಯಿಂದ ಹೃದಯಕ್ಕೂ ಬರುತ್ತದೆ.

ಕಾಯಿಲೆ ಬಂದ ಮೇಲಿನ ನಂಟು ಓದಿದವರ ಬಾಯಲ್ಲಿ ಈಗ ಫ್ಯಾಷನ್ ಆಗಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2018ರಲ್ಲಿ ಹೊರಡಿಸಿದ ಹೇಳಿಕೆಯ ಒಂದು ಸಾಲು ಎಲ್ಲೆಡೆ ತಿರುಗಿತು: ಸ್ತನ ಕ್ಯಾನ್ಸರಿನಿಂದ ಪಾರಾದ ವಯಸ್ಸಾದ ಹೆಂಗಸರು ಕೊನೆಗೆ ಹೃದ್ರೋಗದಿಂದ ಸಾಯುವುದೇ ಹೆಚ್ಚು. ಅಲ್ಲಿಯ 66 ದಾಟಿದ 63,566 ಹೆಂಗಸರ ಅಧ್ಯಯನದಲ್ಲಿ ಹೃದ್ರೋಗದ ಸಾವು ಶೇ. 15.9, ಸ್ತನ ಕ್ಯಾನ್ಸರಿನದು ಶೇ. 15.1. ಇದನ್ನು ಹಾಗೆಯೇ ತಂದು ನಾರಾಯಣಪೇಟೆಗೆ ಹಚ್ಚುವುದು ತಪ್ಪು. ನಮ್ಮಲ್ಲಿ ರೋಗ ಬರುವ ವಯಸ್ಸೇ ಚಿಕ್ಕದು, ಗಂಟು ಕೈಗೆ ಸಿಕ್ಕಿ ವರ್ಷವಾದ ಮೇಲೆ ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಬಹಳ. ರೋಗ ಪತ್ತೆಯಾಗಿ ಐದು ವರ್ಷ ಬದುಕುವವರು ಭಾರತದಲ್ಲಿ ಶೇ. 66, ಅಮೆರಿಕದಲ್ಲಿ ಶೇ. 90. ಇಲ್ಲಿನವಳಿಗೆ ಹೃದ್ರೋಗದಿಂದ ಸಾಯುವಷ್ಟು ಕಾಲವನ್ನು ಕ್ಯಾನ್ಸರ್ ಇನ್ನೂ ಕೊಡುತ್ತಿಲ್ಲ.

ಹಾಗಿರುವಾಗ ಆ ಹೇಳಿಕೆಯ ಸಾಲು ಊರಿಗೆ ಬಂದು ತಲುಪುವುದು ಇನ್ನೊಂದೇ ರೂಪದಲ್ಲಿ: ಕೀಮೋ ಹಾಕಿಸಿದರೆ ಹಾರ್ಟು ಹೋಗುತ್ತದಂತೆ, ನಾಟಿ ಔಷಧಿಯೇ ವಾಸಿ. ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ಹೃದಯದ ಸ್ನಾಯುವಿಗೆ ಪೆಟ್ಟು ಕೊಡುವುದು ಹೌದು. ಅದು ಅಳತೆಯ ಮಾತು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಸೇರಿದಾಗ ಸುಮಾರು ಶೇ. 5 ಮಂದಿಗೆ ಹೃದಯ ಸೋಲುತ್ತದೆ, 550 ಮುಟ್ಟಿದಾಗ ಶೇ. 26. ಸ್ತನ ಕ್ಯಾನ್ಸರಿಗೆ ರೂಢಿಯಲ್ಲಿರುವ ನಾಲ್ಕು ಸುತ್ತಿನಲ್ಲಿ ಸೇರುವುದು 240. ಹರ್-2 ಎಂಬ ಪ್ರೋಟೀನು ಹೆಚ್ಚಿರುವ ಗಂಟಿಗೆ ಕೊಡುವ ಟ್ರಾಸ್ಟುಜುಮಾಬ್‌ನಿಂದಲೂ ಹೃದಯ ದುರ್ಬಲವಾಗಬಹುದು. ಬಹುಪಾಲು ಮಂದಿಗೆ ಔಷಧಿ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತದೆ, ಅದಕ್ಕೇ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುವುದು. ಎಡ ಸ್ತನದ ರೇಡಿಯೇಷನ್‌ನಲ್ಲಿ ಹೃದಯಕ್ಕೆ ಬೀಳುವ ಪ್ರತಿ ಒಂದು ಗ್ರೇ ಕಿರಣಕ್ಕೆ ಹೃದಯಾಘಾತದಂಥ ಘಟನೆ ಶೇ. 7.4 ಹೆಚ್ಚುತ್ತದೆ ಎಂದು ಸ್ವೀಡನ್ ಮತ್ತು ಡೆನ್ಮಾರ್ಕಿನ 2,168 ಹೆಂಗಸರ ಮೇಲಿನ 2013ರ ಅಧ್ಯಯನ ಹೇಳಿತು. ಉಸಿರು ಎಳೆದು ಹಿಡಿದರೆ ಹೃದಯ ಎದೆಗೋಡೆಯಿಂದ ಹಿಂದೆ ಸರಿಯುತ್ತದೆ, ಆ ಹೊತ್ತಿನಲ್ಲೇ ಕಿರಣ ಬಿಡುವ ಉಪಾಯವೂ ಬಂದಿದೆ. ಇದೆಲ್ಲ ಔಷಧಿ ಬಿಡಲು ಕಾರಣವಲ್ಲ, ಮೊದಲ ಸುತ್ತಿಗೆ ಮುಂಚೆ ಬಿಪಿ, ಸಕ್ಕರೆ ಹತೋಟಿಗೆ ತರಲು ಕಾರಣ. ಬಿಪಿಯನ್ನು ವರ್ಷಗಟ್ಟಲೆ ಹತೋಟಿಯಿಲ್ಲದೆ ಬಿಟ್ಟವಳಿಗೇ ಕೆಂಪು ಔಷಧಿಯ ಪೆಟ್ಟು ಜಾಸ್ತಿ.

ತಜ್ಞರು ಎರಡು ಕಟ್ಟಡಗಳಲ್ಲಿ ಇಟ್ಟದ್ದನ್ನು ಒಂದೇ ಹಾಳೆಯಲ್ಲಿ ಇಟ್ಟವಳು ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರ ಮನೆಗೆ ಆಕೆ ತರುವ ಫಾರಮ್ಮಿನಲ್ಲಿ ತಂಬಾಕು, ಕುಡಿತ, ಮೈ ಅಲುಗಾಟ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹಾರ್ಟಿನ ತೊಂದರೆ ಇದೆಯೇ ಎಂಬ ಪ್ರಶ್ನೆಗಳಿವೆ. ಸೊಂಟದ ಅಳತೆ ಇದೆ: ಹೆಂಗಸಿಗೆ ಟೇಪು 80 ಸೆಂಟಿಮೀಟರ್ ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಅದೇ ಹಾಳೆಯಲ್ಲಿ ಕೆಳಗೆ ಮೊಲೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತದೆಯೇ. ಅಂಗಳದಲ್ಲಿ ಅತ್ತೆ, ಮೈದುನ ಎಲ್ಲ ಕೂತಿರುವಾಗ ಈ ಕೆಳಗಿನ ಸಾಲುಗಳಿಗೆ ಬರುವ ಉತ್ತರ "ಇಲ್ಲ" ಎಂದೇ. ದೇಶದಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಂಡ ಹೆಂಗಸರು ನೂರಕ್ಕೆ ಒಬ್ಬರೂ ಇಲ್ಲವೆಂದು 2019-21ರ ಸಮೀಕ್ಷೆ ಹೇಳಿದ್ದು ಇದಕ್ಕೇ ಇರಬೇಕು. ಮುಂಬೈಯ ಟಾಟಾ ಮೆಮೋರಿಯಲ್ 1,51,538 ಹೆಂಗಸರ ಮೇಲೆ ಇಪ್ಪತ್ತು ವರ್ಷ ನಡೆಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಕ್ಕಳು ಕೈಯಿಂದ ಮಾಡಿದ ಪರೀಕ್ಷೆಯಿಂದಲೇ ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಇಳಿಯಿತು. ಮ್ಯಾಮೊಗ್ರಾಮ್ ಯಂತ್ರ ಬರಲಿ ಎಂದು ಕಾಯಬೇಕಿಲ್ಲ.

ಗರ್ಭಚೀಲ ತೆಗೆಸಿದ್ದೀರಾ ಎಂಬ ಸಾಲು ಮಾತ್ರ ಆ ಫಾರಮ್ಮಿನಲ್ಲಿ ಇಲ್ಲ. ತೆಲಂಗಾಣದಲ್ಲಿ ಆ ಸಾಲಿಲ್ಲದ ಫಾರಮ್ಮು ಅರ್ಧ ಫಾರಮ್ಮು. ಯಾವ ವಯಸ್ಸಿಗೆ ತೆಗೆಸಿದರು, ಅಂಡಾಶಯ ಉಳಿದಿದೆಯೋ ಇಲ್ಲವೋ ಎಂದು ಆಪರೇಷನ್ ಮಾಡಿದ ದವಾಖಾನೆ ತನ್ನ ಡಿಸ್ಚಾರ್ಜ್ ಚೀಟಿಯಲ್ಲಿ ತೆಲುಗಿನಲ್ಲೋ ಕನ್ನಡದಲ್ಲೋ ಬರೆದುಕೊಡುವುದು ಕಾನೂನಾಗಬೇಕು. ಇಲ್ಲದಿದ್ದರೆ ನಲವತ್ತೈದರ ಹೆಂಗಸು ಎದೆ ಒತ್ತುತ್ತದೆ ಎಂದು ಬಂದಾಗ, ಇನ್ನೂ ಮುಟ್ಟಾಗುವ ವಯಸ್ಸು, ಹಾರ್ಟಿನ ತೊಂದರೆ ಇರಲಾರದು ಎಂದುಕೊಂಡು ಡ್ಯೂಟಿ ಡಾಕ್ಟರು ಇಸಿಜಿ ಕೂಡ ತೆಗೆಯದೆ ಗ್ಯಾಸಿನ ಮಾತ್ರೆ ಬರೆಯುತ್ತಾನೆ. ಆಕೆಯ ಅಂಡಾಶಯ ಹೋಗಿ ಹದಿಮೂರು ವರ್ಷವಾಗಿರುವುದು ಅವನಿಗೆ ಗೊತ್ತಿರುವುದಿಲ್ಲ, ಆಕೆಗೂ ಗೊತ್ತಿರುವುದಿಲ್ಲ.